ಹದಿನೈದು ವ್ಯಾಟಿನ ಆಂಪು, ನಾಲ್ಕು ಪೆಡಲ್ಲು, ಪುನರ್ವಸು ಮಳೆ

ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಲೀಡ್ ಗಿಟಾರ್ ನುಡಿಸಿದವನು ನಾನು. ಆದರೆ ಗಿಟಾರಿಗೆ ಅಂತಲೇ ಒಂದು ಆಂಪ್, ಅಂದರೆ ಸದ್ದು ದೊಡ್ಡದು ಮಾಡಿ ತನ್ನದೇ ಸ್ಪೀಕರಿನಿಂದ ಬಿಡುವ ಪೆಟ್ಟಿಗೆ, ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಹಾಗೇ ನಡೆಯುತ್ತಿತ್ತು. ಗಿಟಾರಿನ ವೈರು ಕಾಲ ಬುಡದ, ಒತ್ತಿದರೆ ಸದ್ದು ಬದಲಿಸುವ ಪೆಡಲ್‌ಗೆ, ಅಲ್ಲಿಂದ ನೇರ ಮಿಕ್ಸರ್‌ಗೆ, ಮಿಕ್ಸರ್‌ನಿಂದ ಸ್ಟೇಜಿನ ಎರಡೂ ಬದಿಗೆ ಪೇರಿಸಿದ ಬಾಕ್ಸ್‌ಗಳಿಗೆ. ಗಾಯಕರ ದನಿ, ಕೀಬೋರ್ಡು, ರಿದಂ ಪ್ಯಾಡು, ನನ್ನ ಗಿಟಾರು, ಮಧ್ಯೆ ಮಧ್ಯೆ ಗಣಪತಿ ಸಮಿತಿಯವರ ‘ದಯವಿಟ್ಟು ಬೈಕ್ ತೆಗೀರಿ’ ಅನ್ನುವ ಪ್ರಕಟಣೆ, ಎಲ್ಲ ಅದೇ ಬಾಕ್ಸಿನಿಂದ ಬರಬೇಕು.

ಚೌತಿ ಬಂತೆಂದರೆ ನಮಗೆ ಪುರುಸೊತ್ತಿಲ್ಲ. ಶಿವಮೊಗ್ಗ, ಭದ್ರಾವತಿ, ಸೊರಬ, ಹೊಸನಗರ, ತೀರ್ಥಹಳ್ಳಿ. ಟೆಂಪೋದಲ್ಲಿ ಸಾಮಾನಿನ ಮೇಲೆ ಕೂತು ಹೋಗುವುದು, ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಊರಿಗೆ ಬಂದು ಬೀಳುವುದು. ಆಗ ನನ್ನ ಕಾಲ ಕೆಳಗೆ ಇದ್ದದ್ದು ಬಾಸ್ ಕಂಪನಿಯ ಡಿಎಸ್-1. ಕಿತ್ತಳೆ ಬಣ್ಣದ ಪುಟ್ಟ ಡಬ್ಬಿ. 1978ರಲ್ಲಿ ಬಂದ ಪೆಡಲ್ ಅದು, ಇವತ್ತಿಗೂ ಅದೇ ಬಣ್ಣ. ಒತ್ತಿದರೆ ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕಂತಲೇ ಒರಟು ಮಾಡುವುದು. ಮೈದಾನದ ಬಾಕ್ಸಿನಲ್ಲಿ ಅದು ಝೀಯ್ ಅಂತ ಕಿವಿಗೆ ಚುಚ್ಚುತ್ತಿತ್ತು. ನಾನು ಸೋಲೋ ಶುರು ಮಾಡಿದರೆ ಸಾಕು, ಮಿಕ್ಸರ್‌ನಲ್ಲಿ ಕೂತವರು ನನ್ನ ಚಾನೆಲ್ ಇಳಿಸುತ್ತಿದ್ದರು. ಅವರನ್ನು ದೂರಿ ಪ್ರಯೋಜನ ಇಲ್ಲ. ಆ ಸದ್ದು ನನಗೇ ಆಗುತ್ತಿರಲಿಲ್ಲ.

ಈಗ ಆ ಪೆಡಲ್ಲನ್ನೇ ಒಂದು ಸರಿಯಾದ ಗಿಟಾರ್ ಆಂಪ್‌ಗೆ ಹಾಕಿ ಕೇಳಿದ್ದೇನೆ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ನನ್ನದು ಸಾಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟು, ಫ್ಯಾನು, ಮಿಕ್ಸಿ, ಅಡಿಕೆ ಸುಲಿಯುವ ಮಷಿನ್ನಿನ ಮೋಟಾರು. ಜನವರಿಯಿಂದ ಮಳೆ ಹಿಡಿಯುವ ತನಕ ತಲೆ ಎತ್ತಲು ಬಿಡುವಿಲ್ಲ. ತೋಟಕ್ಕೆ ನೀರು ಬಿಡುವ ಕಾಲ, ವೋಲ್ಟೇಜ್ ಇಳಿಯುವ ಕಾಲ, ಮೋಟಾರು ಸುಡುವ ಕಾಲ. ಆರಿದ್ರಾ ಮಳೆ ಜೋರಾದರೆ ಪಂಪು ನಿಲ್ಲುತ್ತದೆ, ನಮ್ಮ ಕೆಲಸವೂ ನಿಲ್ಲುತ್ತದೆ. ಈ ಸಲ ಅಡಿಕೆಗೆ ಒಳ್ಳೆ ರೇಟು ಸಿಕ್ಕಿ ತೋಟದವರು ಹಳೇ ಬಾಕಿಯನ್ನೆಲ್ಲ ಚುಕ್ತಾ ಮಾಡಿದರು. ‘ಮಾರಾಯ್ರೆ, ಈ ದುಡ್ಡಲ್ಲಿ ಬಚ್ಚಲಿಗೆ ಸೋಲಾರ್ ಹಾಕಿಸಿ’ ಅಂದಳು ನನ್ನ ಹೆಂಡತಿ. ಈ ಮಳೆಯಲ್ಲಿ ಸೋಲಾರ್ ಹಾಕಿಸಿದರೆ ದೀಪಾವಳಿಗೆ ಬಿಸಿನೀರು ಅಂತ ನಾನು. ಮಾತು ಅಲ್ಲಿಗೆ ನಿಂತಿತು. ಆಂಪ್ ಬೆಂಗಳೂರಿನಿಂದ ಪಾರ್ಸೆಲ್ ಲಾರಿಯಲ್ಲಿ ಬಂದ ದಿನ ಅವಳು ಏನೂ ಹೇಳಲಿಲ್ಲ. ಬಚ್ಚಲ ಒಲೆಗೆ ಎರಡು ಹೆಡೆ ಜಾಸ್ತಿಯೇ ತುರುಕಿದಳು.

ತರಿಸಿದ್ದು ಫೆಂಡರ್ ಬ್ಲೂಸ್ ಜೂನಿಯರ್. ಹದಿನೈದು ವ್ಯಾಟು, ಹನ್ನೆರಡು ಇಂಚಿನ ಒಂದು ಸ್ಪೀಕರ್, ತೂಕ ಸುಮಾರು ಹದಿನಾಲ್ಕು ಕೆಜಿ. ಹದಿನೈದು ವ್ಯಾಟು ಅಂದ ಕೂಡಲೇ ನಕ್ಕುಬಿಡಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ. ಇದು ವಾಲ್ವ್ ಆಂಪ್. ಒಳಗೆ ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು. ಮುಂದಿನ ಹಂತಕ್ಕೆ ಮೂರು 12ಎಎಕ್ಸ್7, ಕೊನೆಯಲ್ಲಿ ಸ್ಪೀಕರ್ ಓಡಿಸಲಿಕ್ಕೆ ಎರಡು ಇಎಲ್84. ನಮ್ಮ ಅಪ್ಪಯ್ಯ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅಟ್ಟದ ಮೇಲೆ ಬಿಸ್ಕತ್ ಡಬ್ಬಿಯಲ್ಲಿ ಬೆಂಗಳೂರಿನ ಬಿಇಎಲ್ ತಯಾರಿಸಿದ ವಾಲ್ವುಗಳು ಹತ್ತಿ ಸುತ್ತಿಕೊಂಡು ಇನ್ನೂ ಮಲಗಿವೆ. ಹಾಗಾಗಿ ವಾಲ್ವ್ ಅಂದರೆ ನನಗೆ ಹೊಸದಲ್ಲ. ಹೊಸದು ಅದರ ಮುಂದೆ ಗಿಟಾರ್ ಹಿಡಿದು ಕೂರುವುದು.

ವೈಂಡಿಂಗ್‌ನವನ ಕಣ್ಣು ಮೊದಲು ಹೋಗುವುದು ಟ್ರಾನ್ಸ್‌ಫಾರ್ಮರ್ ಕಡೆ. ಆಂಪಿನ ಹಿಂಬದಿ ಅರ್ಧ ತೆರೆದೇ ಇರುತ್ತದೆ. ಬಗ್ಗಿ ಟಾರ್ಚ್ ಬಿಟ್ಟರೆ ಎರಡು ಟ್ರಾನ್ಸ್‌ಫಾರ್ಮರ್ ಕಾಣುತ್ತವೆ. ದೊಡ್ಡದು ಕರೆಂಟಿನದ್ದು. ಚಿಕ್ಕದು ಔಟ್‌ಪುಟ್ಟಿನದ್ದು, ಮಜಾ ಇರುವುದು ಅದರಲ್ಲಿ. ವಾಲ್ವ್‌ಗೆ ವೋಲ್ಟೇಜ್ ಜಾಸ್ತಿ, ಕರೆಂಟ್ ಕಡಿಮೆ. ಸ್ಪೀಕರ್‌ಗೆ ಉಲ್ಟಾ. ಈ ಜೋಡಿ ವಾಲ್ವಿಗೆ ಎದುರು ಸಾಮಾನ್ಯವಾಗಿ 8,000 ಓಮ್ (ಕರೆಂಟಿಗೆ ಸಿಗುವ ತಡೆಯ ಅಳತೆ) ಸುಮಾರಿಗೆ ಬೇಕು, ಸ್ಪೀಕರ್ ಇರುವುದು 8 ಓಮ್. ಸಾವಿರಕ್ಕೆ ಒಂದು. ಸುತ್ತಿನ ಲೆಕ್ಕಕ್ಕೆ ಅದರ ವರ್ಗಮೂಲ ತೆಗೆಯಬೇಕು, ಅಂದರೆ ವಾಲ್ವಿನ ಕಡೆ ಸುಮಾರು 32 ಸುತ್ತಿಗೆ ಸ್ಪೀಕರಿನ ಕಡೆ ಒಂದು. ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುವವನಿಗೆ ಇದನ್ನು ನೋಡಿದರೆ ಖುಷಿಯಾಗದೆ ಇರುತ್ತದಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನಿಂದ ಬಗ್ಗಿ ನೋಡಿ, ಕೈ ಹಾಕಬೇಡಿ. ವಾಲ್ವ್ ಆಂಪಿನೊಳಗೆ 300 ವೋಲ್ಟಿನಷ್ಟು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರಬಹುದು. ಇನ್ನೊಂದು, ಸ್ಪೀಕರ್ ವೈರ್ ಬಿಚ್ಚಿಟ್ಟು ಆಂಪ್ ಆನ್ ಮಾಡಲೇಬಾರದು. ಲೋಡ್ ಇಲ್ಲದೆ ಓಡಿಸಿದರೆ ಆ ಚಿಕ್ಕ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸುಟ್ಟದ್ದನ್ನು ನನ್ನ ಹತ್ತಿರ ತಂದರೆ ನಾನು ಸುತ್ತಿಕೊಡಬಹುದು, ಆದರೆ ಮೊದಲಿನ ಸದ್ದಿಗೆ ಗ್ಯಾರಂಟಿ ಕೊಡಲಾರೆ.

ಸ್ವಿಚ್ ಹಾಕಿದೆ. ಕೆಂಪು ದೀಪ ಬಂತು, ಸದ್ದು ಬರಲಿಲ್ಲ. ಫಿಲಮೆಂಟ್ ಕಾಯಬೇಕಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, ‘ನಿನ್ನ ಅಪ್ಪಯ್ಯನ ರೇಡಿಯೋನೂ ಹೀಗೇ ಅಲ್ವನಾ, ಕಾದು ಕಾದು ಆಮೇಲೆ ಮಾತಾಡ್ತಿತ್ತು’ ಅಂದರು. ಅರ್ಧ ನಿಮಿಷಕ್ಕೆ ಸಣ್ಣಗೆ ಸ್ಸ್ ಅಂತ ಶುರುವಾಯಿತು.

ಮೊದಲು ಪೆಡಲ್ ಯಾವುದೂ ಇಲ್ಲ. ಗಿಟಾರು, ಒಂದು ಕೇಬಲ್ಲು, ಆಂಪು. ಹೊಸ ಆಂಪ್ ತಂದವರು ಕೆಲವು ದಿನವಾದರೂ ಹೀಗೇ ನುಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಯಾವ ಸದ್ದು ಯಾರದ್ದು ಅಂತ ತಿಳಿಯುವುದಿಲ್ಲ. ಬೇಸ್, ಮಿಡಲ್, ಟ್ರೆಬಲ್ ಮೂರನ್ನೂ ನಡುವಿಗೆ ಇಟ್ಟೆ. ಇದರಲ್ಲಿ ಸದ್ದಿನ ತಿರುಪು ಎರಡು ಇವೆ, ವಾಲ್ಯೂಮ್ ಮತ್ತು ಮಾಸ್ಟರ್. ವಾಲ್ಯೂಮ್ ಮುಂದಿನ ವಾಲ್ವುಗಳಿಗೆ ಎಷ್ಟು ಹೋಗಬೇಕು ಅನ್ನುವುದಕ್ಕೆ. ಮಾಸ್ಟರ್ ಕೊನೆಯ ಜೋಡಿಗೆ ಎಷ್ಟು ಬಿಡಬೇಕು ಅನ್ನುವುದಕ್ಕೆ. ವಾಲ್ಯೂಮ್ ಕಡಿಮೆ, ಮಾಸ್ಟರ್ ಜಾಸ್ತಿ ಇಟ್ಟರೆ ಸದ್ದು ತಿಳಿ. ಉಲ್ಟಾ ಮಾಡಿದರೆ ಸಣ್ಣ ಸದ್ದಿನಲ್ಲೇ ಅಂಚು ಹರಿದ ಹಾಗೆ ಕೇಳುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ತಂತಿಯನ್ನು ಮೆಲ್ಲಗೆ ಮೀಟಿದರೆ ತಿಳಿ ಸದ್ದು, ಸ್ವಲ್ಪ ಜೋರಾಗಿ ಮೀಟಿದರೆ ಅದೇ ಸ್ವರ ಒರಟಾಗಿ ಬರುತ್ತದೆ. ತಿರುಪು ಮುಟ್ಟುವುದೇ ಬೇಡ, ಎಲ್ಲ ಬಲಗೈಯಲ್ಲೇ ಇದೆ. ಮಿಕ್ಸರ್‌ಗೆ ಹಾಕಿ ನುಡಿಸುತ್ತಿದ್ದಾಗ ಮೆಲ್ಲಗೆ ಮೀಟಿದರೆ ಮೆಲ್ಲಗೆ, ಜೋರಾಗಿ ಮೀಟಿದರೆ ಜೋರಾಗಿ, ಅಷ್ಟೇ. ಸ್ವರದ ಗುಣ ಬದಲಾಗುತ್ತಿರಲಿಲ್ಲ. ಇಷ್ಟು ವರ್ಷ ಗಟ್ಟಿಯಾಗಿ ಒಂದೇ ಸಮ ಮೀಟಿ ಮೀಟಿ ನನ್ನ ಬಲಗೈ ಜಡ್ಡು ಹಿಡಿದಿದೆ. ಈಗ ಅದಕ್ಕೆ ಹೊಸದಾಗಿ ಪಾಠ ಶುರು.

ಇನ್ನು ಹದಿನೈದು ವ್ಯಾಟಿನ ವಿಷಯ. ಮಾಸ್ಟರ್ ಸ್ವಲ್ಪ ತಿರುಗಿಸಿದ್ದಕ್ಕೇ ಒಳಗಿಂದ ಕೂಗು ಬಂತು. ‘ಮಾರಾಯ್ರೆ, ಗೋಡೆ ಮೇಲಿನ ಫೋಟೋ ಅಲ್ಲಾಡ್ತಾ ಇದೆ!’ ವ್ಯಾಟ್ ಇಮ್ಮಡಿ ಮಾಡಿದರೆ ಸದ್ದು ಇಮ್ಮಡಿ ಆಗುವುದಿಲ್ಲ, ಮೂರು ಡೆಸಿಬಲ್ ಏರುತ್ತದೆ ಅಷ್ಟೇ. ಹಾಗಾಗಿ ಹದಿನೈದು ವ್ಯಾಟಿಗೂ ಮೂವತ್ತಕ್ಕೂ ಕಿವಿಗೆ ಗೊತ್ತಾಗುವ ವ್ಯತ್ಯಾಸ ಸ್ವಲ್ಪವೇ. ಮನೆಗೆ ಇದೇ ಜಾಸ್ತಿ. ನನ್ನ ಪುಣ್ಯಕ್ಕೆ ಪುನರ್ವಸು ಮಳೆ ಬಿಡದೆ ಹೊಡೆಯುತ್ತಿತ್ತು. ಅಂಗಡಿ ಮೇಲಿನ ಕೋಣೆಗೆ ತಗಡಿನ ಮಾಡು. ಅದರ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಇನ್ನು ನನ್ನ ಗಿಟಾರ್ ಬೀದಿಗೆ ಎಲ್ಲಿಂದ ಕೇಳಬೇಕು? ಆಂಪನ್ನು ಹೊತ್ತು ಮೇಲೆ ತಂದೆ. ಮಳೆ ಜೋರಾದಾಗ ಮಾಸ್ಟರ್ ಏರಿಸುವುದು, ಹೊಳವಾದರೆ ಇಳಿಸುವುದು. ಮಲೆನಾಡಿನಲ್ಲಿ ವಾಲ್ವ್ ಆಂಪ್ ಇಟ್ಟುಕೊಳ್ಳುವವರಿಗೆ ಆಷಾಢಕ್ಕಿಂತ ಒಳ್ಳೆ ತಿಂಗಳಿಲ್ಲ.

ಆಮೇಲೆ ಪೆಡಲ್ಲುಗಳು. ಮೊದಲು ತೆಗೆದದ್ದು ಹಳೇ ಡಿಎಸ್-1ನ್ನೇ. ಬಣ್ಣ ಮೂಲೆಯಲ್ಲೆಲ್ಲ ಎದ್ದಿದೆ, ಟೋನ್ ತಿರುಪು ಸಡಿಲ. ಆಂಪನ್ನು ತಿಳಿ ಸದ್ದಿಗೆ ಇಟ್ಟು, ಡಿಸ್ಟಾರ್ಷನ್ ಅರ್ಧ, ಟೋನ್ ಅರ್ಧಕ್ಕಿಂತ ಕೆಳಗೆ. ಒತ್ತಿದೆ.

ಇದು ಅದೇ ಪೆಡಲ್ಲಾ ಅನಿಸಿತು. ಕಿವಿಗೆ ಚುಚ್ಚುವ ಆ ಝೀಯ್ ಇಲ್ಲವೇ ಇಲ್ಲ. ದಪ್ಪ, ತುಂಬಿದ, ಹಲ್ಲು ಕಚ್ಚಿ ಹಿಡಿದ ಸದ್ದು. ಕ್ಯಾಸೆಟ್‌ಗಳಲ್ಲಿ ಕೇಳಿ, ಅದಕ್ಕೆ ದುಬಾರಿ ಗಿಟಾರ್ ಬೇಕೇನೋ ಅಂತ ನಾವೆಲ್ಲ ಅಂದುಕೊಂಡಿದ್ದ ಸದ್ದು.

ಕಾರಣ ಸರಳ. ಡಿಎಸ್-1 ಒಳಗೆ ಸಿಗ್ನಲ್ಲನ್ನು ದೊಡ್ಡದು ಮಾಡಿ ಎರಡು ಸಿಲಿಕಾನ್ ಡಯೋಡ್‌ಗಳ ಮುಂದೆ ಬಿಡುತ್ತಾರೆ. ಒಂದು ಡಯೋಡ್ ಈ ಕಡೆಗೆ, ಇನ್ನೊಂದು ಆ ಕಡೆಗೆ. ಸಿಗ್ನಲ್ 0.6 ವೋಲ್ಟಿನ ಸುಮಾರಿಗೆ ಬಂದ ಕೂಡಲೇ ಡಯೋಡ್ ಅದನ್ನು ಗ್ರೌಂಡಿಗೆ ಇಳಿಸಿಬಿಡುತ್ತದೆ. ಅಲೆಯ ಮೇಲಿನ ತಲೆ, ಕೆಳಗಿನ ತಲೆ ಎರಡೂ ಚಪ್ಪಟೆ. ಹೀಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟಿನ ಸ್ವರಗಳು ಹುಟ್ಟಿಕೊಳ್ಳುತ್ತವೆ. ಮೇಲೆ ಮೇಲೆ ಹೋಗುತ್ತಲೇ ಇರುತ್ತವೆ. ಮೈದಾನದ ಬಾಕ್ಸ್‌ಗಳಲ್ಲಿ ಚೂಪು ಸ್ವರ ಬಿಡುವ ಟ್ವೀಟರ್, ಹಾರ್ನ್ ಎಲ್ಲ ಇರುತ್ತವಲ್ಲ, ಅವು ಹದಿನೈದು ಸಾವಿರ ಹರ್ಟ್ಸ್ ತನಕ ಬಂದದ್ದನ್ನೆಲ್ಲ ಪ್ರಾಮಾಣಿಕವಾಗಿ ಒದರುತ್ತವೆ. ಗಾಯಕರಿಗೆ ಅದು ಬೇಕು. ಡಿಸ್ಟಾರ್ಷನ್‌ಗೆ ಅದೇ ಶತ್ರು. ಗಿಟಾರ್ ಆಂಪಿನ ಸ್ಪೀಕರ್‌ಗೆ ಟ್ವೀಟರ್ ಇಲ್ಲ. ಹನ್ನೆರಡು ಇಂಚಿನ ಕಾಗದದ ಕೋನು ಐದು ಸಾವಿರ ಹರ್ಟ್ಸ್ ದಾಟಿದ ಮೇಲೆ ದಡಕ್ಕನೆ ಸೋಲುತ್ತದೆ. ಕಾಫಿ ಸೋಸುವ ಬಟ್ಟೆಯ ಕೆಲಸ ಅದು. ಗಷ್ಟು ಮೇಲೇ ಉಳಿಯುತ್ತದೆ, ಲೋಟಕ್ಕೆ ಬರುವುದು ಡಿಕಾಕ್ಷನ್ ಮಾತ್ರ. ನಾವು ಅಷ್ಟು ವರ್ಷ ಜನರಿಗೆ ಗಷ್ಟು ಸಮೇತ ಕುಡಿಸಿದ್ದೇವೆ.

ಆದ್ದರಿಂದ ನನ್ನ ಪ್ರಕಾರ ಪೆಡಲ್ ಸಾಲಿನ ಕೊನೆಯ ಪೆಡಲ್ ಅಂದರೆ ಸ್ಪೀಕರೇ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ಪೆಡಲ್ ಒಳ್ಳೇದು, ಯಾವುದು ಕೆಟ್ಟದ್ದು ಅಂತ ಜಗಳ ಆಡುವುದು ದಂಡ. ಈಗಿನ ಮಲ್ಟಿ ಇಫೆಕ್ಟ್‌ಗಳಲ್ಲಿ ಸ್ಪೀಕರ್ ಕ್ಯಾಬಿನೆಟ್ಟಿನ ನಕಲನ್ನೂ ಸೇರಿಸಿರುತ್ತಾರೆ. ಅದಿದ್ದರೆ ನೇರ ಮಿಕ್ಸರ್‌ಗೆ ಹಾಕಿದರೂ ನಡೆಯುತ್ತದೆ. ಹತ್ತು ಸಾವಿರದ ಆಸುಪಾಸಿನಲ್ಲೇ ಅಂಥದ್ದು ಸಿಗುತ್ತದೆ. ಆಂಪಿಗೆ ದುಡ್ಡಿಲ್ಲದ ಹುಡುಗರು ಬೇರೆ ಪೆಡಲ್ ಹುಡುಕುವ ಮೊದಲು ಅದನ್ನು ನೋಡಿ.

ಎರಡನೆಯದು ಹಸಿರು ಪೆಡಲ್, ಐಬಾನೆಜ್ ಟ್ಯೂಬ್ ಸ್ಕ್ರೀಮರ್ ಟಿಎಸ್9. 1982ರ ವಿನ್ಯಾಸ. ಇದರಲ್ಲೂ ಡಯೋಡೇ, ಆದರೆ ಗ್ರೌಂಡಿಗೆ ಅಲ್ಲ, ಐಸಿಯ ಫೀಡ್‌ಬ್ಯಾಕಿನಲ್ಲಿ ಕೂತಿರುತ್ತವೆ, ಅಂದರೆ ಹೊರಬಂದ ಸಿಗ್ನಲ್ ಸ್ವಲ್ಪ ವಾಪಸ್ ಒಳಗೆ ಹೋಗುವ ದಾರಿಯಲ್ಲಿ. ಹಾಗಾಗಿ ತಲೆ ಪೂರ್ತಿ ಚಪ್ಪಟೆಯಾಗದೆ ದುಂಡಗಾಗುತ್ತದೆ. ಕೆಳಗಿನ ಬೇಸ್ ಕತ್ತರಿಸಿ, ಮೇಲಿನದ್ದನ್ನೂ ಇಳಿಸಿ, 700 ಹರ್ಟ್ಸ್ ಆಸುಪಾಸಿನ ನಡು ಸ್ವರಗಳನ್ನು ಉಬ್ಬಿಸುತ್ತದೆ. ಒಂಟಿಯಾಗಿ ಕೇಳಿದರೆ ಮೂಗಿನಲ್ಲಿ ಹಾಡಿದ ಹಾಗೆ. ಇದನ್ನು ಬಳಸುವ ರೀತಿಯೇ ಬೇರೆ. ಡ್ರೈವ್ ಸೊನ್ನೆಗೆ ಇಳಿಸಿ, ಲೆವೆಲ್ ಪೂರ್ತಿ ಏರಿಸಿ. ಆಗ ಪೆಡಲ್ ತಾನು ಒರಟಾಗದೆ ಆಂಪಿನ ವಾಲ್ವುಗಳನ್ನು ಹಿಂದಿನಿಂದ ತಳ್ಳುತ್ತದೆ. ಅಂಚಿನಲ್ಲಿದ್ದ ವಾಲ್ವುಗಳು ಆಚೆ ಬೀಳುತ್ತವೆ. ದಪ್ಪ ತಂತಿಗಳ ಗೊಳಗೊಳ ಹೋಗಿ ಪ್ರತಿ ಸ್ವರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಪಿಯುಸಿ ಓದುವ ಮಗಳು ಪುಸ್ತಕ ಹಿಡಿದುಕೊಂಡೇ ಮೇಲೆ ಬಂದು, ‘ಅಪ್ಪ, ಈಗ ನುಡಿಸಿದ್ದು ಚೆನ್ನಾಗಿತ್ತು, ಆ ಕಿತ್ತಳೆಗಿಂತ’ ಅಂದಳು. ಅವಳಿಗೆ ಹಸಿರೇ ಇಷ್ಟ. ನನಗೆ ಇನ್ನೂ ಕಿತ್ತಳೆಯ ಮೇಲೆ ಪಕ್ಷಪಾತ, ಹಳೇ ಋಣ.

ಸ್ವರವನ್ನು ‘ವಾ ವಾ’ ಅನ್ನಿಸುವ ವಾ ಪೆಡಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರೈಬೇಬಿ, ಸೆಕೆಂಡ್ ಹ್ಯಾಂಡು. ಪಾದದಲ್ಲಿ ಮುಂದೆ ಹಿಂದೆ ಒತ್ತಿದರೆ ಒಳಗೆ ಹಲ್ಲಿನ ಪಟ್ಟಿ ಒಂದು ಪಾಟ್, ಅಂದರೆ ವಾಲ್ಯೂಮ್ ತಿರುಪಿನಂಥದ್ದನ್ನು, ತಿರುಗಿಸುತ್ತದೆ. ತೇವಕ್ಕೆ ಆ ಪಾಟ್ ಕರಕರ ಅನ್ನುತ್ತಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಒಂದು ವಾರ ಸುಮ್ಮನಿರುತ್ತದೆ, ಮತ್ತೆ ಅದೇ ಕತೆ. ಇದನ್ನು ನೋಡಿದಾಗೆಲ್ಲ ಭದ್ರಾವತಿಯ ಒಂದು ಕಾರ್ಯಕ್ರಮ ನೆನಪಾಗುತ್ತದೆ. ಹಾಡು ಮುಗಿದು ಮೌನವಾದಾಗ ನನ್ನ ಚಾನೆಲ್ಲಿನಿಂದ ಸಣ್ಣಗೆ ಪ್ರದೇಶ ಸಮಾಚಾರ ಕೇಳಿಸಿತ್ತು. ಕೇಬಲ್ಲಿನ ಶೀಲ್ಡ್ ಕಿತ್ತುಹೋಗಿ ಅದೇ ಏರಿಯಲ್ ಆಗಿತ್ತು. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಪ್ರಸಾರ ಪಕ್ಕದಲ್ಲೇ ಇದ್ದಾಗ ಇನ್ನೇನಾಗಬೇಕು? ಮುಂದಿನ ಸಾಲಿನ ಅಜ್ಜ ಒಬ್ಬರು ‘ಸುದ್ದಿ ಮುಗೀಲಿ, ಆಮೇಲೆ ಹಾಡಿ’ ಅಂದಿದ್ದರು.

ನುಡಿಸಿದ್ದನ್ನು ಸ್ವಲ್ಪ ತಡವಾಗಿ ಪ್ರತಿಧ್ವನಿಸುವ ಡಿಲೇ ಪೆಡಲ್ ಮಾತ್ರ ತಲೆ ತಿಂದಿತು. ಬಾಸ್ ಡಿಡಿ-3, 1986ರಲ್ಲಿ ಬಂದ ಡಿಜಿಟಲ್ ಡಿಲೇ, ಗರಿಷ್ಠ 800 ಮಿಲಿಸೆಕೆಂಡ್. ಈ ಆಂಪಿಗೆ ಇಫೆಕ್ಟ್ ಲೂಪ್ ಇಲ್ಲ. ಅಂದರೆ ಡಿಲೇಯನ್ನು ಆಂಪಿನ ಎರಡು ಹಂತಗಳ ಮಧ್ಯೆ ತೂರಿಸುವ ದಾರಿ ಇಲ್ಲ, ಎಲ್ಲ ಪೆಡಲ್ಲೂ ಮುಂದಿನ ಜಾಕಿಗೇ ಹೋಗಬೇಕು. ಆಂಪನ್ನು ಒರಟು ಮಾಡಿಟ್ಟು ಡಿಲೇ ಹಾಕಿದರೆ ಮೂಲ ಸ್ವರವೂ ಪ್ರತಿಧ್ವನಿಯೂ ಒಟ್ಟಿಗೆ ವಾಲ್ವಿನೊಳಗೆ ನುಗ್ಗಿ ಕಲಸಿಹೋಗುತ್ತವೆ. ಯಾವುದು ಮುಂದೆ ಯಾವುದು ಹಿಂದೆ ಗೊತ್ತಾಗುವುದಿಲ್ಲ. ಇದಕ್ಕೆ ಉಪಾಯ ಒಂದೇ. ಆಂಪನ್ನು ತಿಳಿಯಾಗಿಯೇ ಇಡುವುದು, ಒರಟುತನವನ್ನೆಲ್ಲ ಪೆಡಲ್‌ನಿಂದ ತರುವುದು, ಡಿಲೇಯನ್ನು ಎಲ್ಲಕ್ಕಿಂತ ಕೊನೆಗೆ ಇಡುವುದು. ಗಿಟಾರು, ವಾ, ಹಸಿರು, ಕಿತ್ತಳೆ, ಡಿಲೇ, ಆಂಪು. ಈ ಸಾಲಿನಲ್ಲಿ ಡಿಲೇ ನಕಲು ಮಾಡುವುದು ಆಗಲೇ ಒರಟಾದ ಸ್ವರವನ್ನು. ಮತ್ತೆ ಕಲಸುವುದಿಲ್ಲ.

ಡಿಲೇಯ ಸಮಯಕ್ಕೂ ಲೆಕ್ಕ ಇದೆ. 60,000ವನ್ನು ಹಾಡಿನ ಬೀಟಿನ ವೇಗದಿಂದ ಭಾಗಿಸಿ. ನಿಮಿಷಕ್ಕೆ 120 ಬೀಟ್ ಆದರೆ 500 ಮಿಲಿಸೆಕೆಂಡ್, ಅದು ಒಂದು ಬೀಟು. ಅದರ ಮುಕ್ಕಾಲು ಭಾಗ, ಅಂದರೆ 375ಕ್ಕೆ ಇಟ್ಟು ಸಮಸಮನಾಗಿ ಅರ್ಧ ಬೀಟಿಗೊಂದು ಸ್ವರ ನುಡಿಸಿದರೆ ನೀವು ಬಿಟ್ಟ ಜಾಗದಲ್ಲಿ ಪ್ರತಿಧ್ವನಿ ಬಂದು ಕೂರುತ್ತದೆ. ಒಬ್ಬನೇ ಇಬ್ಬರ ಕೆಲಸ ಮಾಡಿದ ಹಾಗೆ ಕೇಳುತ್ತದೆ. ಅಮ್ಮನಿಗೆ ಇದು ಆಗಲಿಲ್ಲ. ‘ಒಂದು ಸಲ ಹೇಳಿದ್ದನ್ನ ಎಷ್ಟು ಸಲ ಹೇಳ್ತದಾ ಅದು’ ಅಂದರು.

ಈಗ ಗುಂಯ್ ಸದ್ದಿನ ವಿಷಯ. ಇದು ನನ್ನ ಕಸುಬಿನ ಜಾಗ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಪೆಡಲ್ಲುಗಳನ್ನೆಲ್ಲ ಸಾಲಾಗಿ ಜೋಡಿಸಿ ಒಂದೇ ಅಡಾಪ್ಟರಿನಿಂದ ಕವಲೊಡೆದ ವೈರಿನಲ್ಲಿ ಕರೆಂಟ್ ಕೊಟ್ಟೆ. ಎಲ್ಲಕ್ಕೂ 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ನೆಗೆಟಿವ್. ಕಿತ್ತಳೆ ಒತ್ತಿದ ಕೂಡಲೇ ಸ್ವರಕ್ಕಿಂತ ಜಾಸ್ತಿ ಗುಂಯ್ ಬಂತು, ಅದರ ಮೇಲೆ ಸಣ್ಣಗೆ ಒಂದು ಕೀಂಯ್. ಕೀಂಯ್ ಎಲ್ಲಿಂದ ಅಂತ ಹುಡುಕಲು ಪೆಡಲ್ ಒಂದೊಂದಾಗಿ ಕಿತ್ತೆ. ಡಿಲೇ ಕಿತ್ತಾಗ ನಿಂತಿತು. ಡಿಜಿಟಲ್ ಪೆಡಲ್ಲಿನೊಳಗೆ ತಾಳ ಹಾಕುವ ಕ್ಲಾಕ್ ಸರ್ಕ್ಯೂಟಿನ ಗಲಾಟೆ ಹಂಚಿಕೊಂಡ ಕರೆಂಟಿನ ವೈರಿನಲ್ಲಿ ಹಿಂದಕ್ಕೆ ಬಂದು ಉಳಿದ ಪೆಡಲ್ಲಿಗೆ ಸೇರುತ್ತಿತ್ತು. ಡಿಸ್ಟಾರ್ಷನ್ ಅದನ್ನು ನೂರು ಪಟ್ಟು ಮಾಡಿ ತೋರಿಸುತ್ತಿತ್ತು.

ಪ್ರತಿ ಪೆಡಲ್ಲಿಗೆ ಬೇರೆ ಬೇರೆ ಕರೆಂಟ್ ಕೊಡುವ ಡಬ್ಬಿಗಳು ಸಿಗುತ್ತವೆ, ಬೆಲೆ ಕೇಳಿದರೆ ಇನ್ನೊಂದು ಪೆಡಲ್ ಬರುತ್ತದೆ. ವೈಂಡಿಂಗ್ ಅಂಗಡಿಯಲ್ಲಿ ಕೂತು ಅದನ್ನು ಕೊಳ್ಳುವುದಾ? ಹಳೇ ಸ್ಟೆಬಿಲೈಸರಿನ ಕೋರ್ ಒಂದು ಬಿದ್ದಿತ್ತು. ಪ್ರೈಮರಿ ಸುತ್ತಿ, ಮೇಲೆ ಐದು ಸೆಕೆಂಡರಿ ಸುತ್ತಿದೆ, ಒಂದೊಂದೂ 12 ವೋಲ್ಟ್, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ. ಪ್ರತಿಯೊಂದಕ್ಕೂ ಎಸಿಯನ್ನು ಡಿಸಿ ಮಾಡುವ ಒಂದು ಬ್ರಿಡ್ಜ್, ಒಂದು 1,000 ಮೈಕ್ರೋಫ್ಯಾರಡ್ ಕೆಪಾಸಿಟರ್, 9 ವೋಲ್ಟಿಗೆ ನಿಲ್ಲಿಸುವ ಒಂದು 7809 ರೆಗ್ಯುಲೇಟರ್. ವಾರ್ನಿಷ್ ಹೊಡೆದು ಬಚ್ಚಲ ಒಲೆಯ ಪಕ್ಕ ಒಣಗಿಸಿದೆ. ಈ ತೇವದಲ್ಲಿ ಬೇರೆಲ್ಲಿಟ್ಟರೂ ಒಣಗುವುದಿಲ್ಲ. ಕೀಂಯ್ ಪೂರ್ತಿ ಹೋಯಿತು. ಅಂಗಡಿ ಹುಡುಗ ನೋಡಿ, ‘ಅಣ್ಣ, ಇದನ್ನೇ ಮಾಡಿ ಮಾರಣ’ ಅಂತಿದ್ದಾನೆ.

ಉಳಿದ ಗುಂಯ್ ಗಿಟಾರಿನದ್ದೇ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಗಿಟಾರ್ ನನ್ನದು, ಮೂರು ಸಿಂಗಲ್ ಕಾಯಿಲ್ ಪಿಕಪ್. ಪಿಕಪ್ ಅಂದರೆ ಮ್ಯಾಗ್ನೆಟ್ಟಿನ ಸುತ್ತ ತಲೆಗೂದಲಿನಷ್ಟು ಸಪೂರದ ಎನಾಮಲ್ ವೈರು, ಎಂಟು ಸಾವಿರದ ಹತ್ತಿರ ಸುತ್ತು. ಫ್ಯಾನ್ ಕಾಯಿಲ್ ಸುತ್ತುವ ನನಗೇ ಅದನ್ನು ಮುಟ್ಟಲು ಭಯ. ಇಂಥ ಕಾಯಿಲ್ಲಿಗೆ ತಂತಿಯ ಕಂಪನವೂ ಒಂದೇ, ಗೋಡೆಯೊಳಗಿನ ವೈರಿನ 50 ಹರ್ಟ್ಸೂ ಒಂದೇ. ಎರಡನ್ನೂ ಹಿಡಿಯುತ್ತದೆ. ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು ಆರಿಸಿದರೆ ಅರ್ಧ ಕಡಿಮೆ. ಕೂತ ದಿಕ್ಕು ಬದಲಿಸಿದರೆ ಇನ್ನಷ್ಟು ಕಡಿಮೆ. ನಾನು ನಡುವಿನ ಪಿಕಪ್ ಬಿಚ್ಚಿ ಕೆಳಗಿನ ಪಟ್ಟಿ ಮ್ಯಾಗ್ನೆಟ್ ತಿರುಗಿಸಿ ಅಂಟಿಸಿ, ಎರಡು ವೈರ್ ಅದಲು ಬದಲು ಮಾಡಿದೆ. ಮ್ಯಾಗ್ನೆಟ್ ಉಲ್ಟಾ, ವೈರೂ ಉಲ್ಟಾ. ತಂತಿಯ ಸಿಗ್ನಲ್ ಎರಡು ಸಲ ತಿರುಗಿ ಸರಿಯಾಗಿಯೇ ಬರುತ್ತದೆ. ಹೊರಗಿನ ಗುಂಯ್‌ಗೆ ಮ್ಯಾಗ್ನೆಟ್ಟಿನ ಹಂಗಿಲ್ಲ, ಅದು ಒಂದೇ ಸಲ ತಿರುಗುತ್ತದೆ. ಹಾಗಾಗಿ ಪಿಕಪ್ ಆರಿಸುವ ಸ್ವಿಚ್ಚನ್ನು ಎರಡನೇ ಅಥವಾ ನಾಲ್ಕನೇ ಜಾಗಕ್ಕೆ ತಂದು ಎರಡು ಪಿಕಪ್ ಒಟ್ಟಿಗೆ ಬಂದಾಗ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ. ಹಂಬಕರ್ ಪಿಕಪ್ಪಿನ ಗುಟ್ಟೂ ಇದೇ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು ಮಾಡಿದ್ದು ಇದನ್ನೇ.

ಕರೆಂಟ್ ಹೋದಾಗಿನ ಕತೆ ಬೇರೆ. 1948ರಿಂದ ಜೋಗದಲ್ಲಿ ಕರೆಂಟ್ ತಯಾರಾಗುತ್ತಿದೆ, ಸಾಗರದಿಂದ ಮೂವತ್ತು ಕಿಲೋಮೀಟರ್ ದೂರ. ಆದರೂ ಗಾಳಿಗೆ ಒಂದು ಮರ ಲೈನ್ ಮೇಲೆ ಒರಗಿದರೆ ನಾವು ಕತ್ತಲಲ್ಲಿ. ಮನೆಯ ಹಳೇ ಇನ್ವರ್ಟರ್‌ನಲ್ಲಿ ಆಂಪ್ ಹಾಕಿದರೆ ಬರ್ರ್ ಅನ್ನುತ್ತದೆ, ಅದು ಚೌಕ ಅಲೆ ಕೊಡುವ ಇನ್ವರ್ಟರ್. ಪ್ಯೂರ್ ಸೈನ್ ವೇವ್ ಅಂತ ಬರೆದದ್ದು ಬೇಕು. ಅಲ್ಲಿಯ ತನಕ ಕರೆಂಟ್ ಹೋದರೆ ಆಂಪಿಗೆ ರಜೆ.

ಅರ್ಥಿಂಗ್ ಬಗ್ಗೆ ಹೇಳದಿದ್ದರೆ ಕಸುಬಿಗೆ ದ್ರೋಹ. ಕೆಲವರು ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನೇ ಕಿತ್ತು ಹಾಕುತ್ತಾರೆ. ದಯವಿಟ್ಟು ಬೇಡ. ಗಿಟಾರಿನ ತಂತಿ ಆಂಪಿನ ಲೋಹದ ಮೈಗೆ, ಮೈ ಅರ್ಥ್‌ಗೆ ಸೇರಿರುತ್ತದೆ. ಆ ಪಿನ್ ಇಲ್ಲದೆ ಒಳಗೆ ಏನಾದರೂ ತಗುಲಿದರೆ ತಂತಿಗೇ ಕರೆಂಟ್ ಬರುತ್ತದೆ. ಸ್ಟೇಜಿನಲ್ಲಿ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿ ಜುಂ ಅನ್ನಿಸಿಕೊಂಡವರು ನಮ್ಮ ತಂಡದಲ್ಲೇ ಇದ್ದಾರೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಮಳೆಗಾಲಕ್ಕೆ ಅರ್ಥಿಂಗ್ ಚೆನ್ನಾಗಿಯೇ ಸಿಗುತ್ತದೆ, ಮಾರ್ಚ್ ಕಳೆದರೆ ಒಣಗಿ ಹೋಗುತ್ತದೆ. ಇದ್ದಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ಕೊಡಪಾನ ನೀರು ಹಾಕುವುದನ್ನು ಮರೆಯಬೇಡಿ.

ತೇವಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಹಳೆಯದೇ. ಬಟ್ಟೆಯ ಕಪಾಟಿಗೆ ಬೂಸಲು ಬರದಂತೆ ಬಲ್ಬ್ ಹಾಕಿಡುತ್ತೇವಲ್ಲ, ಗಿಟಾರ್ ಮತ್ತು ಪೆಡಲ್ಲಿಗೂ ಅಂಥದ್ದೇ ಒಂದು ಕಪಾಟು, ಒಳಗೆ ನಲವತ್ತರ ಬಲ್ಬು. ಗಿಟಾರನ್ನು ಬಲ್ಬಿನಿಂದ ದೂರ ಇಟ್ಟಿದ್ದೇನೆ, ಮರ ಒಣಗಿ ಬಿರುಕು ಬಿಡಬಾರದಲ್ಲ. ತಂತಿಗೆ ಮಾತ್ರ ಏನು ಮಾಡಿದರೂ ತುಕ್ಕು. ಆಂಪಿಗೆ ಬಲ್ಬ್ ಬೇಡ, ದಿನಾ ಸ್ವಲ್ಪ ಹೊತ್ತು ಆನ್ ಮಾಡಿದರೆ ವಾಲ್ವಿನ ಬಿಸಿಯೇ ಸಾಕು. ದಿನಾ ನುಡಿಸಲಿಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ಮೊನ್ನೆ ನಮ್ಮ ಹಳೇ ಕೀಬೋರ್ಡಿನ ಭಟ್ರು ಬಂದಿದ್ದರು. ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಲು ಹೊಳವೇ ಸಿಗುತ್ತಿಲ್ಲ ಅಂತ ಗೊಣಗುತ್ತ ಮೆಟ್ಟಿಲು ಹತ್ತಿದವರು, ಕಿತ್ತಳೆಯಲ್ಲಿ ನಮ್ಮ ಹಳೇ ಸೋಲೋ ಕೇಳಿ ಒಂದು ಗಳಿಗೆ ಸುಮ್ಮನೆ ಕೂತರು. ಆಮೇಲೆ, ‘ಆಗ ಯಾಕಾ ಹೀಗೆ ನುಡಿಸ್ಲಿಲ್ಲ ನೀನು?’ ಅಂದರು. ಸೋಲೋ ಅದೇ ಭಟ್ರೇ, ಬಾಕ್ಸ್ ಬೇರೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಈ ಸಲದ ಚೌತಿಗೆ ಹಳಬರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡುವ ಮಾತಿದೆ. ನನ್ನ ಷರತ್ತು ಒಂದೇ, ಗಿಟಾರ್ ಮಿಕ್ಸರ್‌ಗೆ ನೇರ ಹೋಗಬಾರದು. ಆಂಪನ್ನು ಸ್ಟೇಜಿನ ಮೇಲೆ ಕುರ್ಚಿಯಲ್ಲಿ ಇಟ್ಟು, ಶ್ಯೂರ್ ಎಸ್ಎಂ57 ಥರದ ಒಂದು ಡೈನಮಿಕ್ ಮೈಕನ್ನು ಸ್ಪೀಕರ್ ಬಟ್ಟೆಗೆ ಎರಡು ಬೆರಳು ದೂರದಲ್ಲಿ ಹಿಡಿಸಬೇಕು. ಕೋನಿನ ನಟ್ಟನಡುವೆ ಇಟ್ಟರೆ ಸದ್ದು ಚೂಪು, ಅಂಚಿಗೆ ಸರಿಸಿದಷ್ಟೂ ಮೆತ್ತಗೆ. ನಡುವಿನ ಗುಬುಟು ಮುಗಿದು ಕೋನು ಶುರುವಾಗುವ ಜಾಗಕ್ಕೆ ಇಟ್ಟು ನೋಡಿದ್ದೇನೆ, ಅದೇ ಸರಿ. ಸೌಂಡಿನವರಿಗೆ ಫೋನ್ ಮಾಡಿ ಹೇಳಿದೆ. ಗಿಟಾರಿಗೆ ಒಂದು ಮೈಕ್ ಜಾಸ್ತಿ ಆದರೆ ಅದರ ಬಾಡಿಗೆ ಬೇರೆ ಅಂತೆ. ಮೈಕ್ ನಾನೇ ತರುತ್ತೇನೆ, ಸ್ಟ್ಯಾಂಡ್ ಮಾತ್ರ ನಿಮ್ಮದು ಅಂತ ಒಪ್ಪಿಸಿದ್ದೇನೆ.